ಹುಳದ ಮನೆಯಲ್ಲಿ ಮೂವತ್ತು ದಿನ

ನಮ್ಮೂರಲ್ಲಿ ಮುಟ್ಟಾದ ಹೆಂಗಸು ರೇಷ್ಮೆ ಹುಳದ ಮನೆಯೊಳಗೆ ಕಾಲಿಡುವಂತಿರಲಿಲ್ಲ. ಅವಳ ನೆರಳು ಬಿದ್ದರೆ ಹುಳ ಸೊಪ್ಪು ಬಿಡುತ್ತವೆ, ಸುಣ್ಣಕಟ್ಟು ರೋಗ ಬಂದು ಬೆಳೆಗೆ ಬೆಳೆಯೇ ಬೆಳ್ಳಗೆ ಸೆಟೆದು ಸಾಯುತ್ತದೆ ಎಂದು ಎಲ್ಲರೂ ನಂಬಿದ್ದರು. ಚನ್ನಪಟ್ಟಣದ ಸುತ್ತ ರೇಷ್ಮೆ ಸಾಕುವ ಊರುಗಳಲ್ಲಿ ಇದೇನು ದೊಡ್ಡ ಸಂಗತಿಯಲ್ಲ. ಒಂದು ಬೆಳೆ ಏಳಲು ಹತ್ತಿರ ಹತ್ತಿರ ತಿಂಗಳು ಬೇಕು. ಅದರಲ್ಲಿ ನಾಲ್ಕೈದು ದಿನ ಅವ್ವ ಆಚೆ, ಇನ್ನು ನಾಲ್ಕೈದು ದಿನ ಚಿಕ್ಕಪ್ಪನ ಹೆಂಡತಿ ಚಿಕ್ಕವ್ವ ಆಚೆ. ಹುಳಕ್ಕೆ ಮಾತ್ರ ರಜೆಯಿಲ್ಲ, ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಬೀಳಲೇಬೇಕು. ಹಾಗಾಗಿ ಮೂವತ್ತು ದಿನವೂ ಒಳಗೆ ಹೋಗಬಲ್ಲ ಒಂದು ಹೆಣ್ಣಿನ ಕೈ ಮನೆಯಲ್ಲಿದ್ದರೆ ಆ ಮನೆಯವರು ಅದೃಷ್ಟವಂತರು. ನಮ್ಮ ಮನೆಯಲ್ಲಿ ಆ ಕೈ ನನ್ನದಾಗಿತ್ತು.

ನನಗೆ ಹದಿನಾಲ್ಕಾಯಿತು, ಹದಿನಾರಾಯಿತು, ಹದಿನೆಂಟೂ ಆಯಿತು. ನಾನು ಮೈನೆರೆಯಲಿಲ್ಲ. ಜೊತೆಗೆ ಓದಿದವರಿಗೆಲ್ಲ ಒಬ್ಬೊಬ್ಬರಾಗಿ ಒಸಗೆ ನಡೆಯಿತು. ಸೋದರಮಾವಂದಿರು ಹಸಿರು ಸೊಪ್ಪಿನ ಗುಡ್ಲು ಹಾಕಿದರು, ಹೆಂಗಸರು ಆರತಿ ಎತ್ತಿದರು, ಎಳ್ಳು ಬೆಲ್ಲ ಕುಟ್ಟಿ ಮಾಡಿದ ಚಿಗಳಿ ಉಂಡೆಯನ್ನು ಬಂದವರಿಗೆಲ್ಲ ಹಂಚಿದರು. ಪ್ರತಿ ಮನೆಯಲ್ಲೂ ಚಿಗಳಿ ತಿಂದೆ. ತಿಂದು, ಕೈ ತೊಳೆದು, ಮನೆಗೆ ಬಂದು ಹುಳಕ್ಕೆ ಸೊಪ್ಪು ಹಾಕಿದೆ.

ಅಷ್ಟೂ ವರ್ಷ ನನ್ನ ಕೈಕಾಲು ಮಾತ್ರ ಉದ್ದವಾಗುತ್ತಲೇ ಹೋದವು. ಅಪ್ಪನಿಗಿಂತ ನನ್ನ ತೋಳು ಉದ್ದ. ಬಿದಿರು ತಟ್ಟೆಗಳನ್ನು ಜೋಡಿಸಿದ ಸ್ಟ್ಯಾಂಡಿನ ಮೇಲಿನ ಸಾಲಿಗೆ ಮನೆಯವರೆಲ್ಲ ಸ್ಟೂಲು ಹತ್ತಬೇಕಿತ್ತು, ನನಗೆ ಬೇಕಿರಲಿಲ್ಲ. ಅಜ್ಜಿ, ಅಂದರೆ ಅಪ್ಪನ ತಾಯಿ, ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು. "ನಮ್ ಕೂಸಿನ ಕೈ ನೋಡ್ರವ್ವ. ಸ್ಟೂಲೂ ಬ್ಯಾಡ, ರಜವೂ ಬ್ಯಾಡ. ದೇವ್ರು ಹುಳದ ಮನೆಗೇ ಅಂತ ಮಾಡಿ ಕಳ್ಸವ್ನೆ."

ನಾನು ಹಿಗ್ಗಿ ಹೀರೇಕಾಯಿಯಾಗುತ್ತಿದ್ದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಎರಡು ಬಿಗಿಯಬೇಕು ಅನ್ನಿಸುತ್ತದೆ. ಎದೆ ಸಪಾಟಾಗಿದೆ, ಲಂಗ ದಾವಣಿ ಬಿದಿರು ಗಳಕ್ಕೆ ತೂಗುಹಾಕಿದಂತೆ ಕಾಣುತ್ತದೆ ಎಂದು ಒಳಗೊಳಗೇ ಅಳುತ್ತಿದ್ದ ಹುಡುಗಿಗೆ ಆ ಒಂದು ಹೊಗಳಿಕೆಯೇ ಆಸರೆ. ಅಕ್ಕಪಕ್ಕದ ಮನೆಯವರೂ ಅವರ ಹೆಂಗಸರು ಆಚೆಯಾದಾಗ ನನ್ನನ್ನು ಕರೆಯಲು ಬರುತ್ತಿದ್ದರು. ಊರಿನ ಅರ್ಧ ಹುಳ ನನ್ನ ಕೈಯಲ್ಲಿ ಸೊಪ್ಪು ತಿಂದಿವೆ ಅಂದರೂ ತಪ್ಪಿಲ್ಲ.

ಅವ್ವ ಮಾತ್ರ ಒಂದು ಸಲ ಬಾಯಿಬಿಟ್ಟಳು. ನನಗಾಗ ಹದಿನಾರು. ಅಡುಗೆಮನೆಯಲ್ಲಿ ರಾಗಿಮುದ್ದೆ ತಿರುವುತ್ತಾ ಅಜ್ಜಿಗೆ ಕೇಳಿಸುವಂತೆ, "ಒಸಿ ಡಾಕ್ಟ್ರುಗೆ ತೋರ್ಸಣಾ ಅತ್ತೆ. ಇನ್ನೂ ಆಗ್ಲಿಲ್ವಲ್ಲ," ಅಂದಳು.

"ಏನ್ ಅರ್ಜೆಂಟು? ಆದ್ರೆ ನಿಂಗೇ ಕಷ್ಟ. ಈ ಬೆಳೆ ಯಾರ್ ಏಳ್ಸೋರು?" ಅಂದಳು ಅಜ್ಜಿ. ಅಲ್ಲಿಗೆ ಮಾತು ಮುಗಿಯಿತು. ಅವ್ವ ಮುದ್ದೆ ಕಟ್ಟಿದಳು.

ಹಾರ್ಮೋನು ಎಂಬ ಪದವನ್ನು ನಾನು ಮೊದಲು ಕೇಳಿದ್ದು ಸ್ಕೂಲಿನಲ್ಲಲ್ಲ, ಹುಳದ ಮನೆಯ ಜಗಲಿಯಲ್ಲಿ. ರೇಷ್ಮೆ ಇಲಾಖೆಯ ಒಬ್ಬರು ಅಧಿಕಾರಿ ಬೈಕಿನಲ್ಲಿ ಬಂದು ಊರಿನ ಗಂಡಸರನ್ನು ಕೂರಿಸಿಕೊಂಡು ಪಾಠ ಹೇಳಿದರು. ಹುಳದ ಮೈಯಲ್ಲಿ ಹಾರ್ಮೋನು ಎಂಬ ಎರಡು ಬಗೆಯ ರಸ ಇರುತ್ತದಂತೆ. ಒಂದು ರಸ ಹುಳವನ್ನು ಮರಿಯಾಗಿಯೇ ಇಡುತ್ತದೆ. ಅದು ಇರುವತನಕ ಹುಳ ತಿನ್ನುತ್ತದೆ, ಬೆಳೆಯುತ್ತದೆ, ನಾಲ್ಕು ಸಲ ಜ್ವರಕ್ಕೆ ಕೂತು, ಅಂದರೆ ಮೇವು ಬಿಟ್ಟು ಮಲಗಿ, ಪೊರೆ ಬಿಡುತ್ತದೆ, ಮತ್ತೆ ಮರಿಯೇ. ಅದು ತಗ್ಗಿ ಇನ್ನೊಂದು ರಸ ಏರಿದಾಗ ಹುಳ ತಿನ್ನುವುದನ್ನು ಬಿಟ್ಟು ಹಣ್ಣಾಗುತ್ತದೆ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆ ಎರಡನೇ ರಸದಂಥದ್ದನ್ನು ಈಗ ಗಿಡದಿಂದ ತೆಗೆದು ಸೀಸೆಯಲ್ಲಿ ಕೊಡುತ್ತಾರೆ. ಅಲ್ಲೊಂದು ಇಲ್ಲೊಂದು ಹುಳ ಹಣ್ಣಾಗಿದ್ದು ಕಂಡ ಕೂಡಲೇ ನೀರಿಗೆ ಬೆರೆಸಿ ಸೊಪ್ಪಿನ ಮೇಲೆ ಸಿಂಪಡಿಸಿದರೆ ಸಾಕು, ಎಲ್ಲ ಹುಳ ಒಟ್ಟಿಗೇ ಹಣ್ಣಾಗುತ್ತವೆ. ಮೂರು ದಿನ ಹುಳ ಆರಿಸುವ ಪಾಡು ತಪ್ಪುತ್ತದೆ.

ಅಪ್ಪ ಬಾಯಿಬಿಟ್ಟುಕೊಂಡು ಕೇಳಿದ. ಯಾವ ಹೊತ್ತಿಗೆ ಕೊಡಬೇಕು, ಎಷ್ಟು ನೀರು, ಮುಂಚೆ ಕೊಟ್ಟರೆ ಏನಾಗುತ್ತದೆ ಎಂದು ಹತ್ತು ಪ್ರಶ್ನೆ ಕೇಳಿದ. ನಾನು ಬಾಗಿಲ ಹಿಂದೆ ನಿಂತಿದ್ದವಳು ತಡೆಯಲಾರದೆ ಕೇಳಿಯೇಬಿಟ್ಟೆ: "ಸಾರ್, ಆ ರಸ ಮನುಷ್ಯರಿಗೂ ಇರ್ತದಾ?"

ಅಧಿಕಾರಿ, "ಇರುತ್ತಮ್ಮ, ಗಂಡಿಗೊಂದು ಥರ, ಹೆಣ್ಣಿಗೊಂದು ಥರ," ಎಂದು ಶುರುಮಾಡಿದರು. ಅಪ್ಪ ಜಗಲಿಯಿಂದಲೇ ಗದರಿದ. "ಏಯ್, ಒಳಿಕೆ ಹೋಗಮ್ಮಿ. ಗಂಡುಸ್ರು ಮಾತಾಡೋ ತಾವ ನಿಂಗೇನು ಕೆಲ್ಸ?" ಗಂಡಸರೆಲ್ಲ ನಕ್ಕರು. ಹುಳ ಹಣ್ಣಾಗುವ ಮಾತನ್ನು ಗಂಡಸರೆಲ್ಲ ಕೂತು ಆಡಬಹುದು, ಹುಡುಗಿ ಬೆಳೆಯುವ ಮಾತು ಆಡಿದರೆ ಮಾನ ಹೋಗುತ್ತದೆ! ಅವತ್ತು ನನಗೆ ಹತ್ತಿದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಕಾಲೇಜಿನಲ್ಲಾದರೂ ಯಾರಾದರೂ ಹೇಳಿಯಾರು ಎಂದು ಕಾದೆ. ಪಿಯುಸಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡಿದ್ದೆ. ಸಂತಾನೋತ್ಪತ್ತಿಯ ಪಾಠ ಬಂದ ದಿನ ನಮ್ಮ ಲೆಕ್ಚರರು ಕನ್ನಡಕ ಒರೆಸಿಕೊಂಡು, "ಇದು ಈಸಿ ಇದೆ, ಮನೇಲೇ ಓದ್ಕೊಳ್ಳಿ," ಎಂದು ಮುಂದಿನ ಪಾಠಕ್ಕೆ ಹಾರಿದರು. ಹಿಂದಿನ ಬೆಂಚಿನ ಹುಡುಗರು ಕಿಸಕ್ಕೆಂದರು. ನಾನು ಮನೆಯಲ್ಲೇ ಓದಿಕೊಂಡೆ. ಮಿದುಳಿನ ಕೆಳಗೆ ಕಡಲೆಕಾಳಿನಷ್ಟು ಗ್ರಂಥಿ, ಅದು ಕಳಿಸುವ ಅಪ್ಪಣೆ, ಅಪ್ಪಣೆ ಕೇಳಿ ಅಂಡಾಶಯ ಸುರಿಸುವ ಈಸ್ಟ್ರೋಜನ್, ಅದರಿಂದ ಹೆಣ್ಣಿನ ಮೈ ರೂಪಗೊಳ್ಳುವುದು. ಗಂಡುಮಕ್ಕಳಿಗೆ ಗಡಸು ದನಿ, ಮೀಸೆ ಕೊಡುವುದೂ ಇಂಥದೇ ಇನ್ನೊಂದು ರಸ. ನಾಲ್ಕು ಪುಟ ಅಷ್ಟೇ. ಆ ನಾಲ್ಕು ಪುಟ ಓದಿ ಹೇಳಲು ಎಂ.ಎಸ್ಸಿ. ಮಾಡಿದ ಗಂಡಸಿಗೆ ನಾಚಿಕೆ. ನನ್ನ ಮೈಯಲ್ಲಿ ಎಲ್ಲೋ ಆ ಅಪ್ಪಣೆ ತಪ್ಪಿಹೋಗಿದೆ ಎಂದು ನನಗೆ ಗೊತ್ತಾದದ್ದು ಸೊಪ್ಪಿನ ರಾಶಿಯ ಮೇಲೆ ಕೂತು ಒಬ್ಬಳೇ ಓದುವಾಗ. ಗೊತ್ತಾಗಿ ಏನು ಮಾಡಬೇಕು, ಯಾರಿಗೆ ಹೇಳಬೇಕು? ಪುಸ್ತಕ ಮುಚ್ಚಿಟ್ಟೆ.

ಹೊಸ ಶತಮಾನ ಹುಟ್ಟಿ ಮೂರ್ನಾಲ್ಕು ವರ್ಷವಾಗಿತ್ತು. ಬಿಡದಿಯ ಸುತ್ತ ಹೊಲಗಳಿಗೆ ಕಾಂಪೌಂಡು ಏಳುತ್ತಿತ್ತು. ಕಾರ್ಖಾನೆಗಳ ಬಸ್ಸುಗಳು ರಾಮನಗರ, ಮಾಗಡಿ, ಕನಕಪುರದ ಹಳ್ಳಿಗಳಿಗೆಲ್ಲ ಬಂದು ಹುಡುಗಿಯರನ್ನು ತುಂಬಿಕೊಂಡು ಹೋಗುತ್ತಿದ್ದವು. ಕಾರಿಗೆ ವೈರು ಜೋಡಿಸುವ ಒಂದು ಕಾರ್ಖಾನೆಗೆ ನಾನೂ ಅರ್ಜಿ ಹಾಕಿದೆ. ಅಪ್ಪ ಬೇಡವೆಂದ. ಬೆಳೆ ಇಲ್ಲದ ದಿನಗಳಲ್ಲಿ ಹೋಗುತ್ತೇನೆ ಎಂದು ಸುಳ್ಳು ಹೇಳಿ ಒಪ್ಪಿಸಿದೆ.

ಕೆಲಸಕ್ಕೆ ಮುಂಚೆ ಮೆಡಿಕಲ್ ಮಾಡುತ್ತಿದ್ದರು. ಕಾರ್ಖಾನೆಯ ಒಂದು ರೂಮಿನಲ್ಲಿ ಲೇಡಿ ಡಾಕ್ಟರು ಕೂತಿದ್ದರು, ಹೊರಗೆ ಸಾಲುಗಟ್ಟಿ ಹುಡುಗಿಯರು. ತೂಕ, ಕಣ್ಣು, ಬಿ.ಪಿ. ಆದಮೇಲೆ ಡಾಕ್ಟರು ತಲೆಯೆತ್ತದೆ, "ಲಾಸ್ಟ್ ಪೀರಿಯಡ್ಸ್ ಯಾವಾಗ ಆಯ್ತು?" ಎಂದು ಕೇಳಿದರು.

"ಆಗಿಲ್ಲ ಮೇಡಂ," ಅಂದೆ.

"ಆಗಿಲ್ಲ ಅಂದ್ರೆ? ಎಷ್ಟು ತಿಂಗಳಾಯ್ತು?"

"ಯಾವತ್ತೂ ಆಗಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಹತ್ತೊಂಬತ್ತು ವರ್ಷದಲ್ಲಿ ಇದನ್ನು ಕೇಳಿ ಪೆನ್ನು ಕೆಳಗಿಟ್ಟ ಮೊದಲನೇ ಮನುಷ್ಯ ಅವರು. ಗೋಡೆಗೆ ನಿಲ್ಲಿಸಿ ಟೇಪು ಹಿಡಿದು ನನ್ನ ತೋಳು ಅಳೆದರು. "ಯಾಕಿಷ್ಟು ಉದ್ದ ಬೆಳೆದಿವೆ ಗೊತ್ತಾ? ಮೂಳೆ ತುದಿಗೆ ಇನ್ನು ಸಾಕು, ನಿಲ್ಲು ಅಂತ ಹೇಳೋದು ಈಸ್ಟ್ರೋಜನ್. ನಿನ್ನ ಮೈಯಲ್ಲಿ ಹೇಳೋರೇ ಇಲ್ಲ," ಅಂದರು. ಅಜ್ಜಿ ಊರೆಲ್ಲ ತೋರಿಸಿ ಹೊಗಳಿದ ಕೈ! ಅವರು ಬೆಂಗಳೂರಿನ ಒಂದು ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಅವ್ವನೂ ನಾನೂ ರೈಲಿಗೆ ಹೋದೆವು. ಸ್ಕ್ಯಾನು, ರಕ್ತ ಪರೀಕ್ಷೆ ಎಲ್ಲ ಆದವು. ಅಲ್ಲಿಯ ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಖಡಕ್ಕು, ಆದರೆ ಬಿಡಿಸಿ ಹೇಳುತ್ತಿದ್ದರು. ನನ್ನ ಅಂಡಾಶಯಗಳು ಹುಟ್ಟಿನಿಂದಲೇ ಬೆಳೆದಿರಲಿಲ್ಲ. ಮಿದುಳಿನ ಗ್ರಂಥಿ ಅಪ್ಪಣೆಯ ಮೇಲೆ ಅಪ್ಪಣೆ ಕಳಿಸುತ್ತಲೇ ಇತ್ತು, ರಕ್ತದಲ್ಲಿ ಅದರ ಮಟ್ಟ ಮಿತಿಮೀರಿ ಏರಿತ್ತು. ಕೇಳಿ ಕೆಲಸ ಮಾಡಬೇಕಾದ ಅಂಗವೇ ಅಲ್ಲಿರಲಿಲ್ಲ. ಈಸ್ಟ್ರೋಜನ್ ಇಲ್ಲದ್ದಕ್ಕೆ ಎದೆ ತುಂಬಿಲ್ಲ, ಗರ್ಭಕೋಶ ಚಿಕ್ಕ ಹುಡುಗಿಯದರಷ್ಟೇ ಇದೆ. ಇದು ಯಾರ ಶಾಪವೂ ಅಲ್ಲ, ಯಾರ ತಪ್ಪೂ ಅಲ್ಲ, ಮೈ ಮಾಡದ್ದನ್ನು ಮಾತ್ರೆಯಲ್ಲಿ ಕೊಡಬಹುದು ಅಂದರು. ಮೊದಲು ಸ್ವಲ್ಪ ಸ್ವಲ್ಪ ಈಸ್ಟ್ರೋಜನ್. ಆಮೇಲೆ ತಿಂಗಳಿಗೆ ಹತ್ತು ಹನ್ನೆರಡು ದಿನ ಇನ್ನೊಂದು ಮಾತ್ರೆ, ಅದು ನಿಂತಾಗ ಮುಟ್ಟು ಬರುತ್ತದೆ.

"ಮಕ್ಕಳಾಯ್ತವಾ?" ಎಂದು ಅವ್ವ ಕೇಳಿದಳು. ಇಡೀ ದಿನದಲ್ಲಿ ಅವಳು ಕೇಳಿದ್ದು ಅದೊಂದೇ.

"ಇವಳ ಅಂಡದಿಂದ ಆಗಲ್ಲ. ಅದು ಆಮೇಲಿನ ಮಾತು. ಈಗ ನನಗೆ ಇವಳ ಮೂಳೆ ಮುಖ್ಯ," ಅಂದರು ಡಾಕ್ಟರು. "ಇನ್ನು ಐದಾರು ವರ್ಷ ಮೂಳೆ ಗಟ್ಟಿಯಾಗೋ ವಯಸ್ಸು. ಈಸ್ಟ್ರೋಜನ್ ಇಲ್ಲದಿದ್ರೆ ಗಟ್ಟಿಯಾಗಲ್ಲ. ಒಂದು ದಿನಾನೂ ಮಾತ್ರೆ ತಪ್ಪಿಸಬೇಡಿ."

ಮಾತ್ರೆ ಶುರುವಾದ ಮೇಲಿನ ಆ ಮೊದಲ ತಿಂಗಳುಗಳನ್ನು ನಾನು ಯಾರಿಗೂ ಹೇಳಿಕೊಂಡಿಲ್ಲ. ಎದೆಯಲ್ಲಿ ನೋವು ಬಂದಾಗ ಖುಷಿಪಟ್ಟ ಹುಡುಗಿ ನಾನೊಬ್ಬಳೇ ಇರಬೇಕು. ಕಾರ್ಖಾನೆಯ ಬಸ್ಸಿನಲ್ಲಿ ಕಿಟಕಿಯ ಗಾಜಿನಲ್ಲಿ ನನ್ನನ್ನೇ ನೋಡಿಕೊಳ್ಳುತ್ತಿದ್ದೆ. ಜೊತೆಯವರು ಸೂಪರ್‌ವೈಸರ ಅಂದಚಂದದ ಬಗ್ಗೆ ಪಿಸುಗುಟ್ಟುವಾಗ ಅದುವರೆಗೆ ನನಗೆ ಬೇಸರವಾಗುತ್ತಿತ್ತು. ಈಗ ನಾನೂ ಕಿವಿಗೊಟ್ಟು ಕೇಳುತ್ತಿದ್ದೆ, ಕೇಳಿ ಕೆಂಪಾಗುತ್ತಿದ್ದೆ. ನಾನು ಕಲ್ಲಲ್ಲ ಎಂದು ಗೊತ್ತಾಗಿದ್ದು ಆಗ.

ಎರಡನೇ ಮಾತ್ರೆ ಶುರುಮಾಡುವ ಕಾಲ ಬಂತು. ಇನ್ನು ಮುಟ್ಟು ಬರುತ್ತದೆ ಎಂದು ಅವ್ವ ಮನೆಯಲ್ಲಿ ಹೇಳಿದಳು. ಅವತ್ತು ಹುಳ ಮೂರನೇ ಜ್ವರಕ್ಕೆ ಕೂತಿದ್ದವು. ಅಪ್ಪ, ಅಜ್ಜಿ, ಅವ್ವ ಮೂವರೂ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ನನ್ನ ಮೈಯ ಬಗ್ಗೆ ಪಂಚಾಯಿತಿ ಮಾಡಿದರು.

"ಈ ಬೆಳೆ ಒಂದು ಆಗ್ಲಿ. ಚಿಕ್ಕವ್ವ ತುಂಬಿದ ಬಸ್ರಿ, ತಟ್ಟೆ ಎತ್ತಂಗಿಲ್ಲ, ನಿಮ್ಮವ್ವಂಗೆ ಸೊಂಟ ಹಿಡ್ಕಂಡೈತೆ. ನೀನೂ ಆಚೆ ಕುಂತ್ರೆ ಹುಳ ಏನ್ಮಾಡ್ಲಿ? ಒಂದು ಬೆಳೆ ಕಣಮ್ಮಿ," ಅಂದ ಅಪ್ಪ.

"ಡಾಕ್ಟ್ರು ಒಂದು ದಿನಾನೂ ಬಿಡ್ಬ್ಯಾಡಿ ಅಂದವ್ರೆ," ಅಂದೆ.

ಅದಕ್ಕೆ ಅಪ್ಪ ಹೇಳಿದ ಮಾತು ರೇಷ್ಮೆ ಸಾಕಿದವನು ಮಾತ್ರ ಹೇಳಬಹುದಾದ ಮಾತು. "ಅವ್ರು ಪಟ್ಟಣದೋರು, ಅವ್ರಿಗೇನ್ ಗೊತ್ತು? ಹುಳುಕ್ಕೆ ನಾವು ದಿನಾ ಔಸ್ದಿ ಹಾಕ್ತೀವಾ? ಇಲ್ಲ. ಹಣ್ಣಾಗೋ ಟೇಮು ನೋಡಿ ಒಂದೇ ಸಲ ಹಾಕ್ತೀವಿ, ಎಲ್ಲ ಒಟ್ಗೆ ಹಣ್ಣಾಯ್ತವೆ. ಇದೂ ಹಾರ್ಮೋನೇ ತಾನೆ? ಮದ್ವೆ ಗೊತ್ತಾಗ್ಲಿ, ಆಗ ತಕ್ಕೊ. ಎರಡು ದಿನುಕ್ಕೆ ಎಲ್ಲ ಸರಿ ಹೋಯ್ತದೆ."

ಅಜ್ಜಿ ತಲೆಯಾಡಿಸಿದಳು. "ಹೂಂ ಕಣಪ್ಪ, ಮುಂಚೇನೇ ಹಾಕಿ ಯಾಕ್ ದಂಡ ಮಾಡ್ಬೇಕು?" ಒಂದನ್ನು ತಿಂದು ಒಂದನ್ನು ಬಿಡುವುದು ಬೇಡ ಎಂದು ಎರಡೂ ಬಗೆಯ ಮಾತ್ರೆಯನ್ನು ತೆಗೆದು ತನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗಿಟ್ಟು ಬೀಗ ಹಾಕಿದಳು.

ಅವರು ಕೆಟ್ಟವರಲ್ಲ. ಅದೇ ನನ್ನ ಹೊಟ್ಟೆ ಉರಿಸುವುದು. ಕೆಟ್ಟವರಾಗಿದ್ದರೆ ಜಗಳವಾಡಿ ಎದ್ದು ಹೋಗುತ್ತಿದ್ದೆ. ಅಪ್ಪ ಹುಳದ ವಿಷಯದಲ್ಲಿ ಲೆಕ್ಚರರಿಗಿಂತ ಹೆಚ್ಚು ಕಲಿತಿದ್ದ, ಕಲಿತದ್ದನ್ನು ನಂಬಿದ್ದ, ಹುಳದ ಒಂದೊಂದು ಜ್ವರವನ್ನೂ ಮೈಮುಟ್ಟಿ ಬಲ್ಲವನಾಗಿದ್ದ. ಆ ಅಧಿಕಾರಿಗೆ ಅವತ್ತು ಮಾತು ಮುಗಿಸಲು ಬಿಟ್ಟಿದ್ದರೆ, ಹುಳದ ರಸವೇ ಬೇರೆ ಹುಡುಗಿಯ ರಸವೇ ಬೇರೆ, ಹುಳ ಬಾಳುವುದು ತಿಂಗಳೊಪ್ಪತ್ತು, ಹುಡುಗಿಗೆ ಐವತ್ತು ವರ್ಷದವರೆಗೂ ದಿನಾ ಬೇಕು ಎಂದು ಅವರೇ ಹೇಳುತ್ತಿದ್ದರೇನೋ. ಬಾಯಿ ಮುಚ್ಚಿಸಿದವನೇ ಅಪ್ಪ. ಇನ್ನು ನಾನು? ಪುಸ್ತಕ ಓದಿದವಳು, ಎಲ್ಲ ಗೊತ್ತಿದ್ದವಳು, ಒಂದು ಬೆಳೆ ತಾನೆ ಎಂದು ಹೂಂಗುಟ್ಟಿದೆ. ಆಚೆ ಕೂರಬೇಕಾಗುತ್ತದಲ್ಲ, ಹುಳದ ಮನೆಯಲ್ಲಿ ನನಗಿದ್ದ ಒಂದೇ ಬೆಲೆ ಹೋಗುತ್ತದಲ್ಲ ಎಂಬ ಹೆದರಿಕೆಯೂ ಇತ್ತು. ಅದನ್ನು ಮುಚ್ಚಿಟ್ಟು ಅವರೊಬ್ಬರನ್ನೇ ಬಯ್ಯಲಾರೆ.

ಒಂದು ಬೆಳೆ ಮುಗಿಯಿತು. ಮುಂದಿನ ಬೆಳೆಯ ಹೊತ್ತಿಗೆ ಚಿಕ್ಕವ್ವನ ಬಾಣಂತನ. ಅದರ ಮುಂದಿನದಕ್ಕೆ ಗೂಡಿಗೆ ಒಳ್ಳೆಯ ರೇಟಿದೆ ಎಂಬ ಮಾತು. ಆಮೇಲೆ ಯಾರೂ ಕಾರಣ ಹೇಳುವುದನ್ನೂ ಬಿಟ್ಟರು. ಬೆಂಗಳೂರಿಗೆ ಮತ್ತೆ ಹೋಗಬೇಕಿದ್ದ ತಾರೀಕು ದಾಟಿತು. ಕಾರ್ಖಾನೆಯ ಕೆಲಸವನ್ನೂ ಬಿಡಿಸಿದರು. ತುಂಬಿಕೊಳ್ಳುತ್ತಿದ್ದ ಮೈ ನಿಂತಲ್ಲೇ ನಿಂತಿತು. ನನಗೆ ಇಪ್ಪತ್ತೆರಡು ನಡೆಯುತ್ತಿತ್ತು.

ಒಂದು ಬೆಳಿಗ್ಗೆ ಹುಳದ ಮನೆಯ ಬಾಗಿಲಲ್ಲಿ ಒದ್ದೆ ಗೋಣಿಚೀಲದ ಮೇಲೆ ಕಾಲು ಜಾರಿ ಕುಕ್ಕರಿಸಿ ಕೂತೆ. ಬಿದ್ದೆ ಎಂದೂ ಹೇಳುವಂತಿಲ್ಲ, ಅಷ್ಟೇ. ನೆಲಕ್ಕೆ ಊರಿದ ಬಲಗೈಯ ಮಣಿಕಟ್ಟು ಲಟಕ್ಕೆಂದಿತು. ಚನ್ನಪಟ್ಟಣದ ಮೂಳೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, ಕವರಿನ ಮೇಲೆ ಬರೆದ ವಯಸ್ಸು ನೋಡಿ, ಮತ್ತೆ ಎಕ್ಸ್‌ರೇ ನೋಡಿದರು. ಕಾಂಪೌಂಡರನ್ನು ಕರೆದು, "ಇದು ಯಾರದ್ದೋ ಅಜ್ಜಿದು, ಬದಲಾಗಿದೆ, ಇವರದ್ದು ತಗೊಂಡು ಬಾ," ಅಂದರು. ಬದಲಾಗಿರಲಿಲ್ಲ.

ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಮೂರು ವರ್ಷದ ಮೇಲೆ ಬೆಂಗಳೂರಿನ ಅದೇ ಡಾಕ್ಟರ ಮುಂದೆ ಕೂತೆ. ಈ ಸಲ ಅಪ್ಪನೂ ಬಂದಿದ್ದ. ಮೂಳೆಯ ಸ್ಕ್ಯಾನು ಮಾಡಿಸಿ ನೋಡಿದ ಡಾಕ್ಟರು ಮೊದಲು ನನ್ನ ಮೇಲೆ ರೇಗಿದರು. "ಮಾತ್ರೆ ತಗೊಂಡಿಲ್ಲ ಅಲ್ವಾ? ಓದಿದ ಹುಡುಗಿ ನೀನು!"

ಅಪ್ಪನೇ ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಂಡುತ್ತಾ, "ನಾವೇ ಒಸಿ ನಿಲ್ಸಿದ್ವಿ ಮೇಡಂ. ಬೆಳೆ ಇತ್ತು. ಇವಾಗ ಜಾಸ್ತಿ ಡೋಸು ಕೊಟ್ಬುಡಿ, ಎಲ್ಲ ಒಂದೇ ಸಲ ಸರಿ ಮಾಡ್ಬುಡಿ. ಎಷ್ಟಾದ್ರೂ ಆಗ್ಲಿ," ಅಂದ.

ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. "ಬೆಳೆಗೂ ಇದಕ್ಕೂ ಏನ್ರೀ ಸಂಬಂಧ?" ಅಂದರು. ಅಪ್ಪ ನನ್ನ ಕಡೆ ನೋಡಿದ, ನೀನೇ ಬಿಡಿಸಿ ಹೇಳು ಎಂಬಂತೆ. ಆಗ ನನಗೆ ಅಷ್ಟು ವರ್ಷದ್ದೆಲ್ಲ ಒಟ್ಟಿಗೇ ನೆತ್ತಿಗೇರಿತು.

"ಅಪ್ಪ," ಅಂದೆ, "ನಾಲ್ಕನೇ ಜ್ವರ ಎದ್ದ ಹುಳುಕ್ಕೆ ಮೂರು ದಿನ ಸೊಪ್ಪು ಹಾಕ್ದೆ ಬುಟ್ರೆ ಏನಾಯ್ತದೆ?"

"ಈಗ್ಯಾಕೆ ಅದು?"

"ಹೇಳು. ಊರಿಗೆಲ್ಲ ಹೇಳ್ತೀಯಲ್ಲ, ನಂಗೂ ಹೇಳು."

ಅಪ್ಪನಿಗೆ ಹುಳದ ವಿಷಯ ಕೇಳಿದರೆ ಉತ್ತರ ತಾನಾಗಿ ಬಾಯಿಗೆ ಬರುತ್ತದೆ. "ಏನಾಯ್ತದೆ, ಗೂಡು ಜಾಳಾಯ್ತದೆ. ನೂಲು ಇರಕಿಲ್ಲ. ಹಿಸುಕುದ್ರೆ ಒಳಿಕ್ಕೆ ಹೋಯ್ತದೆ."

"ಮೂರು ದಿನ ಆದ್ಮೇಲೆ ಒಂದೇ ಸಲ ಹೊರೆ ಹೊರೆ ಸೊಪ್ಪು ಹಾಕುದ್ರೆ?"

"ಹಾಕುದ್ರೆ ಏನ್ ಬಂತು? ಟೇಮು ಹೋದ್ಮೇಲೆ ಎಷ್ಟ್ ಹಾಕುದ್ರೂ..." ಅಂದವನು ಅಲ್ಲಿಗೇ ನಿಲ್ಲಿಸಿದ. ನನ್ನ ಪ್ಲಾಸ್ಟರು ಹಾಕಿದ ಕೈ ನೋಡಿದ. ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡ. ನನಗೆ ಕನಿಕರ ಬರಲಿಲ್ಲ. ಬರಬೇಕಿತ್ತೇನೋ, ಬರಲಿಲ್ಲ.

ಡಾಕ್ಟರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. ಆಮೇಲೆ ರೇಗದೆ, ನನಗೇ ಹೇಳಿದರು. "ಈಗ ಶುರು ಮಾಡಿದ್ರೆ ಇರೋದನ್ನ ಉಳಿಸಬಹುದು, ಸ್ವಲ್ಪ ಕಟ್ಟಲೂಬಹುದು. ಕಳೆದುಹೋದ ವರ್ಷಗಳದ್ದು ಪೂರ್ತಿ ವಾಪಸ್ ಬರಲ್ಲ. ಸುಳ್ಳು ಹೇಳಲ್ಲ ನಿನಗೆ." ಹೊಸ ಚೀಟಿ ಬರೆದು, ದಿನಾ ಯಾವುದು, ಯಾವ ಹೊತ್ತಿಗೆ ಎಂದು ಕೆಳಗೆ ಗೆರೆ ಎಳೆದು ತೋರಿಸಿ ಮೇಜಿನ ಈಚೆಗೆ ಚಾಚಿದರು.

ಅಪ್ಪ ಮುಖ ಒರೆಸಿಕೊಂಡು, ಮನೆಯ ಯಾವ ಕಾಗದ ಬಂದರೂ ತಾನೇ ತೆಗೆದುಕೊಂಡು ಜೇಬಿಗಿಟ್ಟುಕೊಳ್ಳುವ ರೂಢಿಯಂತೆ ಕೈ ಮುಂದೆ ಮಾಡಿದ. ನಾನು ಎಡಗೈಯಿಂದ ಚೀಟಿ ಎತ್ತಿಕೊಂಡೆ. ಅಪ್ಪನ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಚೀಟಿಯನ್ನು ನಾನು ಕೊಡಲಿಲ್ಲ.